ಪಾಸು ಒಬ್ಬರಿಗೇ

ಮಾರ್ಚ್ 6

ಅಕ್ಕ,

ನಮ್ಮ ಕರಾರಿನ ಪ್ರಕಾರ ಫೋನ್ ಮಾಡದೆ ಬರೆಯುತ್ತಿದ್ದೇನೆ. ಅಮ್ಮ ಹೋದ ಮೇಲೆ ಅವಳ ಹೊದಿಕೆ ನಿನಗೋ ನನಗೋ ಎಂದು ಫೋನಿನಲ್ಲಿ ಕಿತ್ತಾಡಿದೆವಲ್ಲ, ಆವತ್ತು ಭಾವ ಹೇಳಿದ್ದು ಸರಿಯಾಗಿಯೇ ಇತ್ತು. "ನೀವಿಬ್ರೂ ಇನ್ಮೇಲೆ ಕಾಗದ ಬರ್ಕೊಳ್ಳಿ. ಅಂಚೇಲಿ ಬರೋಷ್ಟರಲ್ಲಿ ಸಿಟ್ಟು ಆರಿರುತ್ತೆ." ಅಲ್ಲಿಂದ ಇಲ್ಲಿಯವರೆಗೆ ಸಿಟ್ಟು ಆರಿಯೇ ತಲುಪುತ್ತಿದೆ. ಹೊದಿಕೆ ಮಾತ್ರ ನಿನ್ನ ಹತ್ತಿರ ಉಳಿಯಿತು, ಇರಲಿ ಬಿಡು.

ಐದು ತಿಂಗಳ ಸ್ಕ್ಯಾನ್ ಆಯಿತು. ಆ ರೂಮಿನ ಬಾಗಿಲಿಗೆ 'ಜೊತೆಗೆ ಒಬ್ಬರಿಗೆ ಮಾತ್ರ' ಎಂದು ಬೋರ್ಡು ಹಾಕಿದ್ದಾರೆ. ಹೊರಗಿನ ಬೆಂಚಿನ ಮೇಲೆ ಎಲ್ಲರದೂ ಒಂದೇ ಚರ್ಚೆ, ಒಳಗೆ ಗಂಡ ಹೋಗಬೇಕೋ ತಾಯಿ ಹೋಗಬೇಕೋ ಎಂದು. ನನ್ನ ಜೊತೆ ಇಬ್ಬರು ಬಂದರು. ಇವರು ಒಬ್ಬರು, ಇನ್ನೊಬ್ಬಳು ನಾದಿನಿ. ಅವಳು ಅದೇ ರೂಮಿನ ನರ್ಸ್ ಅಲ್ಲವೇ, ಅವಳಿಗೆ ಯಾವ ಬೋರ್ಡು. ನನ್ನ ಹೊಟ್ಟೆಗೆ ಜೆಲ್ ಹಚ್ಚಿದ್ದೂ ಅವಳೇ, ಕೈ ಹಿಡಿದುಕೊಂಡು ನಿಂತಿದ್ದೂ ಅವಳೇ. ಬೆಂಚಿನವರು ನನ್ನನ್ನು ನೋಡಿದ ನೋಟ ನೋಡಬೇಕಿತ್ತು ನೀನು. ಮಗು ನಮಗೆ ಬೆನ್ನು ಹಾಕಿ ಮಲಗಿತ್ತು. ಡಾಕ್ಟರು ಆ ಬೆನ್ನನ್ನೇ ಬಹಳ ಹೊತ್ತು ನೋಡಿದರು.

ಎಲ್ಲ ಚೆನ್ನಾಗಿದೆ. ಮುಂದಿನ ತಿಂಗಳು ಇನ್ನೊಂದು ಸಲ ಬನ್ನಿ ಎಂದಿದ್ದಾರೆ, ಸುಮ್ಮನೆ.

ಬಸ್ ಡಿಪೋದಲ್ಲಿ ನನ್ನ ಕೌಂಟರು ಹಾಗೇ ಇದೆ. ಜನ ಬಸ್ಸಿನಲ್ಲಿ ಮರೆತುಹೋದ ಛತ್ರಿ, ಡಬ್ಬಿ, ಒಂಟಿ ಚಪ್ಪಲಿ. ನಿನ್ನೆ ಯಾರೋ ಹಲ್ಲಿನ ಸೆಟ್ಟು ಬಿಟ್ಟು ಹೋಗಿದ್ದಾರೆ. ಅದನ್ನು ಕೇಳಲು ಬರುವವರು ಬಾಯಿ ಮುಚ್ಚಿಕೊಂಡೇ ಬರಬೇಕು ಎಂದು ಇವರು ನಗುತ್ತಾರೆ.

ನಿನ್ನ ಗಿಲಕಿ


ಮಾರ್ಚ್ 11

ಗಿಲಕಿ,

ಕಾಗದ ಸೇರಿತು. ಅದರಲ್ಲಿ ನಿನ್ನ ನಾದಿನಿಯ ಸುದ್ದಿ ಎಷ್ಟು ಸಾಲು ಇದೆ ಎಂದು ನಿನ್ನ ಭಾವ ಎಣಿಸಲು ಹೊರಟರು, ಸುಮ್ಮನಿರಿ ಎಂದೆ. ನಾನು ಅವಳಿಗೆ ಸ್ಕ್ಯಾನಮ್ಮ ಎಂದು ಹೆಸರಿಟ್ಟಿದ್ದೇನೆ. ಹುಟ್ಟಿದಾಗಿನಿಂದ ಅಳುತ್ತಿದ್ದ ನಿನಗೆ ಗಿಲಕಿ ಎಂದು ಹೆಸರಿಟ್ಟವಳೂ ನಾನೇ ಅಲ್ಲವೇ, ಆ ಹಕ್ಕು ನನಗಿದೆ.

ಅವಳ ಮೇಲೆ ನನಗೆ ಹೊಟ್ಟೆಕಿಚ್ಚು ಎಂದುಕೊಳ್ಳಬೇಡ. ಈ ಹೋಟೆಲಿನ ನೆಲಮಾಳಿಗೆಯ ಲಾಂಡ್ರಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಹಬೆಯಲ್ಲೇ ಬೇಯುತ್ತೇನೆ, ಇನ್ನು ಬೇರೆ ಕಿಚ್ಚು ಯಾಕೆ ಬೇಕು. ಆದರೂ ಒಂದು ಮಾತು. ಸ್ಕ್ಯಾನಿಗೆ ಯಾರೂ ಸುಮ್ಮನೆ ಮತ್ತೆ ಕರೆಯುವುದಿಲ್ಲ. ನನ್ನ ಮಗ ಹೊಟ್ಟೆಯಲ್ಲಿದ್ದಾಗ ಒಂದೇ ಸಲ ನೋಡಿ, ಹೋಗಿ ಬನ್ನಿ ಎಂದಿದ್ದರು. ಏನಾದರೂ ಇದ್ದರೆ ಮೊದಲು ನನಗೆ ಹೇಳು.

ಹೆರಿಗೆಗೆ ನಾನೇ ಬರುತ್ತೇನೆ. ರಜೆ ಕೇಳಿದೆ. ಮ್ಯಾನೇಜರು, "ತಂಗಿಗೆ ಮಗು ಆದ್ರೆ ನಿಮಗ್ಯಾಕ್ರೀ ರಜ?" ಎಂದರು. "ಅವಳನ್ನ ಎತ್ತಿ ಆಡಿಸಿದೋಳು ನಾನು, ಇನ್ಯಾರಿಗೆ ಕೊಡ್ತೀರಿ?" ಎಂದೆ. ಕೊಟ್ಟರು.

ಅಕ್ಕ


ಏಪ್ರಿಲ್ 9

ಅಕ್ಕ,

ಸಿಟ್ಟು ಮಾಡಿಕೊಳ್ಳದೆ ಓದು.

ಮಗುವಿನ ಎರಡೂ ಕಿಡ್ನಿ ಊದಿಕೊಂಡಿವೆ. ಎಡಗಡೆಯದು ಜಾಸ್ತಿ. ಒಳಗೆ ಉಚ್ಚೆ ಸರಿಯಾಗಿ ಇಳಿಯದೆ ನಿಂತುಕೊಳ್ಳುತ್ತದಂತೆ, ಅದಕ್ಕೆ ಊತ. ಎಷ್ಟೋ ಮಕ್ಕಳಿಗೆ ಇದು ತಾನಾಗಿಯೇ ಸರಿಹೋಗುತ್ತದೆ, ಕೆಲವರಿಗೆ ಹೋಗುವುದಿಲ್ಲ, ಹುಟ್ಟಿದ ಮೇಲೆ ನೋಡಬೇಕು ಎಂದರು ಡಾಕ್ಟರು. ಕಳೆದ ತಿಂಗಳೇ ಕಂಡಿತ್ತು. ನಾದಿನಿ, "ಇನ್ನೊಂದು ಸ್ಕ್ಯಾನ್ ಆಗ್ಲಿ ಅತ್ತಿಗೆ, ಆಮೇಲೆ ನಿಮ್ಮಕ್ಕನಿಗೆ ಬರೀರಿ. ಈಗ್ಲೇ ಯಾಕೆ ಅವರಿಗೆ ಗಾಬರಿ" ಎಂದಳು. ನನಗೂ ಸರಿ ಎನಿಸಿತು.

ಈ ತಿಂಗಳು ಡಾಕ್ಟರು ನನ್ನನ್ನು ಕೂರಿಸಿಕೊಂಡು ಕೇಳಿದರು. "ಮನೇಲಿ ಯಾರಿಗಾದ್ರೂ ಚಿಕ್ಕಂದಿನಲ್ಲಿ ಕಿಡ್ನಿ ತೊಂದರೆ ಇತ್ತಾ? ತಂದೆ, ತಾಯಿ, ಒಡಹುಟ್ಟಿದೋರು?" ಕಡ್ಡಿ ಮುರಿದ ಹಾಗೆ ಇಲ್ಲ ಎಂದೆ. ನಿನಗೆ ಆಪರೇಷನ್ ಆದದ್ದು ಹೊಟ್ಟೆನೋವಿಗೆ ತಾನೆ.

ಹಗಲು ಕೌಂಟರಿನಲ್ಲಿ ಕೂತು ಹೊಟ್ಟೆಯ ಮೇಲೆ ಕೈ ಇಟ್ಟುಕೊಳ್ಳುತ್ತೇನೆ. ಭಯವಾಗುತ್ತಿದೆ ಅಕ್ಕ.

ಗಿಲಕಿ


ಏಪ್ರಿಲ್ 13
(ಅಂಚೆಗೆ ಹಾಕದ ಕಾಗದ)

ಗಿಲಕಿ,

ಅದು ಹೊಟ್ಟೆನೋವು ಅಲ್ಲ ಕಣೆ. ನನಗೂ ಕಿಡ್ನಿಯೇ. ಎಡಗಡೆಯದೇ.

ಆಗ ನನಗೆ ಏಳು ವರ್ಷ, ನಿನಗೆ ನಾಲ್ಕು. ಜ್ವರ ಬರುತ್ತಿತ್ತು, ಹೋಗುತ್ತಿತ್ತು, ಶೀತ ಎಂದು ಔಷಧಿ ಕುಡಿಸುತ್ತಿದ್ದರು. ಕೊನೆಗೆ ಒಬ್ಬ ಡಾಕ್ಟರು ಉಚ್ಚೆ ಪರೀಕ್ಷೆ ಮಾಡಿಸಿದಾಗ ಗೊತ್ತಾಯಿತು. ಉಚ್ಚೆ ಕೆಳಗೆ ಇಳಿಯುವ ಬದಲು ವಾಪಸು ಕಿಡ್ನಿಗೆ ಹತ್ತುತ್ತಿತ್ತಂತೆ. ಆಪರೇಷನ್ ಆಗುವಷ್ಟರಲ್ಲಿ ಅದು ಅರ್ಧ ಹಾಳಾಗಿತ್ತು. ಅಪ್ಪ ಆಗಲೇ ಇರಲಿಲ್ಲ, ಅಮ್ಮ ಒಬ್ಬಳೇ. ಮನೆಗೆ ಬರುವಾಗ ದಾರಿಯಲ್ಲೇ ನನ್ನಿಂದ ಮಾತು ತೆಗೆದುಕೊಂಡಳು. "ಹೊಟ್ಟೆನೋವು ಅಂತ ಹೇಳು. ಗಿಲಕಿಗೂ ಹೇಳ್ಬೇಡ, ಅದರ ಬಾಯಿ ನಿಲ್ಲಲ್ಲ. ನಾಳೆ ನಿನ್ನ ಮದುವೆ ಮಾಡ್ಕೊಳ್ಳೋರು ಹಿಂದೆಮುಂದೆ ನೋಡ್ತಾರೆ." ನಿನ್ನ ಭಾವನಿಗೂ ನಾನು ಹೇಳಿಲ್ಲ. ನನ್ನ ಮಗ ಹುಟ್ಟಿದಾಗ ಅಮ್ಮ ಅವನ ಒದ್ದೆ ಬಟ್ಟೆಗಳನ್ನು ದಿನಾ ಮೂಸಿ ನೋಡುತ್ತಿದ್ದಳು. ಯಾಕೆ ಎಂದು ನಮ್ಮಿಬ್ಬರಿಗೆ ಮಾತ್ರ ಗೊತ್ತು.

ನೀನು ಅಮ್ಮನ ಮುದ್ದಿನ ಮಗಳು. ಅವಳ ನಗು, ಅವಳ ಹಾಡು, ಅವಳ ತೊಡೆ ಎಲ್ಲ ನಿನಗೇ. ನನಗೆ ಅಂತ ಇದ್ದದ್ದು ಈ ಒಂದು ಗುಟ್ಟು. ಹೊದಿಕೆಯಾದರೂ ಇನ್ನೊಂದು ಸಲ ಕೇಳಿದ್ದರೆ ಒಂದು ದಿನ ಕೊಟ್ಟುಬಿಡುತ್ತಿದ್ದೆನೇನೋ. ಈಗ ಇದನ್ನು ನಿನಗೆ ಬರೆದರೆ ತಲುಪಿದ ದಿನ ಸಂಜೆಗೇ ಸ್ಕ್ಯಾನಮ್ಮನ ಬಾಯಲ್ಲಿರುತ್ತದೆ. ಒಂದು ತಿಂಗಳು ನನ್ನಿಂದ ಮುಚ್ಚಿಟ್ಟವಳ ಕೈಗೆ ನಾನು ಇದನ್ನು ಯಾಕೆ ಕೊಡಲಿ?

ಕೊಡಲೇಬೇಕು, ಗೊತ್ತು. ಊಟ ಮಾಡಿ ಹೋಗಿ ಅಂಚೆ ಡಬ್ಬಿಗೆ ಹಾಕುತ್ತೇನೆ.


ಏಪ್ರಿಲ್ 14

ಗಿಲಕಿ,

ಸುದ್ದಿ ತಿಳಿಯಿತು. ಮೊದಲು ಸ್ಕ್ಯಾನಮ್ಮನಿಗೆ, ಆಮೇಲೆ ನಿನ್ನ ಗಂಡನಿಗೆ, ಆಮೇಲೆ ಒಂದು ತಿಂಗಳು ಬಿಟ್ಟು ನನಗೆ. ಸಂತೋಷ. ಎಲ್ಲ ತಿಳಿದವಳು ಪಕ್ಕದಲ್ಲೇ ಇರುವಾಗ ಲಾಂಡ್ರಿಯವಳು ಏನು ಹೇಳುವುದು. ಆರೋಗ್ಯ ನೋಡಿಕೋ.

ಅಕ್ಕ


ಮೇ 2

ಅಕ್ಕ,

ನಿನ್ನ ಕಾಗದವನ್ನು ಎರಡು ಸಲ ಓದಿದೆ, ಎಲ್ಲಾದರೂ 'ಮಗು' ಎಂಬ ಮಾತು ಇದೆಯೇ ಎಂದು. ಇರಲಿಲ್ಲ.

ಈ ಸಿಟ್ಟು ಆರಲಿ ಎಂದು ಎರಡು ವಾರ ಕಾದೆ, ಆರಲಿಲ್ಲ. ಹಾಗಾಗಿ ಬಿಸಿಯಾಗಿಯೇ ಬರೆಯುತ್ತೇನೆ. ನಿನ್ನ ಹೊಟ್ಟೆನೋವು ನನ್ನ ಬಾಲ್ಯವನ್ನೆಲ್ಲ ತಿಂದುಹಾಕಿತು. ನೀನು ಆಸ್ಪತ್ರೆಯಲ್ಲಿದ್ದಾಗ ನನ್ನನ್ನು ಪಕ್ಕದ ಅಂಗಡಿ ಅಜ್ಜಿಯ ಮನೆಯಲ್ಲಿ ಬಿಟ್ಟಿದ್ದರು. ವಾರ್ಡಿಗೆ ಪಾಸು ಒಬ್ಬರಿಗೇ, ಅದು ಅಮ್ಮನಿಗೆ. ಅಜ್ಜಿ ಅಂಗಡಿ ಮುಚ್ಚಿ ಸಂಜೆ ನನ್ನನ್ನು ಕರೆದುಕೊಂಡು ಹೋಗಿ ಆಸ್ಪತ್ರೆಯ ಎದುರಿನ ಬೆಂಚಿನ ಮೇಲೆ ಕೂರಿಸುತ್ತಿದ್ದಳು. ಮೇಲೆ ಮಹಡಿಯ ಕಿಟಕಿಗೆ ಅಮ್ಮ ಬಂದು ಒಂದು ಸಲ ಕೈ ಆಡಿಸುತ್ತಿದ್ದಳು. ತಕ್ಷಣ ಅಜ್ಜಿ, "ನಡಿ, ನೋಡಿದ್ದಾಯ್ತಲ್ಲ" ಎಂದು ನನ್ನನ್ನು ಎಳೆದುಕೊಂಡು ಹೊರಡುತ್ತಿದ್ದಳು. ಅಮ್ಮನಿಗೆ ನಿನ್ನ ಹತ್ತಿರ ಹೋಗುವ ಅವಸರ, ನನಗೆ ಒಂದು ಕೈ ಆಡಿಸಿದರೆ ಸಾಕು ಎಂದುಕೊಂಡಿದ್ದೆ. ಈಗಲೂ ಅದೇ ಅಂದುಕೊಂಡಿದ್ದೇನೆ.

ನೀನು ಹೊಸ ಫ್ರಾಕು ಹಾಕಿಕೊಂಡು, ಗಾಯದ ಗುರುತು ತೋರಿಸಿಕೊಂಡು ಬಂದೆ. ಮರುದಿನ ನಾನು ಬಾಚಣಿಗೆಯಿಂದ ನನ್ನ ಹೊಟ್ಟೆ ಗೀರಿಕೊಂಡೆ. ನೆನಪಿದೆಯಾ? ಎಲ್ಲರೂ ನಕ್ಕಿರಿ.

ಈಗ ನನಗೆ, ನನ್ನ ಮಗುವಿಗೆ, ನಿಜವಾದ ತೊಂದರೆ ಬಂದಿದೆ. ಅದರಲ್ಲೂ ನಿನಗೆ ಮೊದಲ ಸಾಲಿನ ಕುರ್ಚಿ ಬೇಕು. ಹೆರಿಗೆಗೆ ಬರಬೇಡ. ನಾದಿನಿ ರಜೆ ಹಾಕಿದ್ದಾಳೆ.

ಹೊಸ ಸ್ಕ್ಯಾನಿನಲ್ಲಿ ಬಲಗಡೆಯ ಊತ ಇಳಿದಿದೆ. ಎಡಗಡೆಯದು ಇದೆ.


ಜೂನ್ 8

ಗಿಲಕಿ,

ಪಾರ್ಸೆಲಿನಲ್ಲಿ ಮಗುವಿಗೆ ಬಟ್ಟೆ ಇವೆ. ಹೋಟೆಲಿನವರು ತೆಗೆದುಹಾಕಿದ ಹಾಸಿಗೆ ಬಟ್ಟೆಗಳು. ನಾನೇ ಎಷ್ಟೋ ವರ್ಷ ಒಗೆದು ಒಗೆದು ಮೆತ್ತಗೆ ಮಾಡಿದವು, ಅಂಗಡಿಯಲ್ಲಿ ಇಂಥ ಹತ್ತಿ ಸಿಗುವುದಿಲ್ಲ. ಅಂಚು ಮಡಿಸಿ ಹೊಲಿದಿದ್ದೇನೆ. ಬಿಳಿ ಬಟ್ಟೆಯಲ್ಲಿ ಉಚ್ಚೆಯ ಬಣ್ಣ ಸರಿಯಾಗಿ ಕಾಣುತ್ತದೆ.

ನೀನು ಬೇಡ ಎಂದೆ, ನಾನು ಬರುವುದಿಲ್ಲ. ಮ್ಯಾನೇಜರಿಗೆ ರಜೆ ವಾಪಸು ಕೊಟ್ಟೆ. ಒಂದು ಮಾತು ಮಾತ್ರ ನಡೆಸಿಕೊಡು. ಮಗುವಿಗೆ ಜ್ವರ ಬಂದರೆ, ಎಷ್ಟೇ ಸಣ್ಣದಾಗಿದ್ದರೂ, ಶೀತ ಎಂದು ಸುಮ್ಮನಾಗಬೇಡ. ಅವತ್ತೇ ಉಚ್ಚೆ ಪರೀಕ್ಷೆ ಮಾಡಿಸು. ಯಾಕೆ ಎಂದು ಕೇಳಬೇಡ.

ಅಕ್ಕ


ಜುಲೈ 22

ಅಕ್ಕ,

ಮಗಳು ಹುಟ್ಟಿ ಮೂರು ವಾರವಾಯಿತು. ಆವತ್ತೇ ಇವರು ಭಾವನಿಗೆ ಫೋನ್ ಮಾಡಿ ಹೇಳಿದ್ದರು, ಗೊತ್ತಿರುತ್ತದೆ. ಮೂಗು ನಮ್ಮ ಕಡೆಯದಲ್ಲ. ಅಳುವುದು ಮಾತ್ರ ನನ್ನ ಹಾಗೆಯೇ ಅಂತೆ, ಇವರು ಹೇಳುತ್ತಾರೆ. ಹುಟ್ಟಿದ ಮರುದಿನ ಸ್ಕ್ಯಾನ್ ಮಾಡಿದರು, ಊತ ಅಷ್ಟಾಗಿ ಕಾಣಲಿಲ್ಲ. ತಿಂಗಳು ತುಂಬಿದ ಮೇಲೆ ಮತ್ತೆ ನೋಡೋಣ ಎಂದಿದ್ದಾರೆ. ನಾನು ಅವತ್ತು ಎಷ್ಟೋ ದಿನಗಳ ಮೇಲೆ ಹೊಟ್ಟೆತುಂಬ ಉಂಡೆ.

ನಿನ್ನ ಬಟ್ಟೆಗಳು ಮೆತ್ತಗಿವೆ. ಬೇರೆಯವು ಹಾಕಿದರೆ ಅವಳು ರಚ್ಚೆ ಹಿಡಿಯುತ್ತಾಳೆ. ಇದನ್ನು ಬರೆಯಬಾರದು ಎಂದುಕೊಂಡಿದ್ದೆ.

ನಿನ್ನೆಯಿಂದ ಅವಳ ಮೈ ಸ್ವಲ್ಪ ಬೆಚ್ಚಗಿದೆ. ಬರುತ್ತದೆ, ಹೋಗುತ್ತದೆ. ಹಾಲು ಅರ್ಧಕ್ಕೇ ಬಿಡುತ್ತಾಳೆ. ಬೀದಿ ಕೊನೆಯ ಡಾಕ್ಟರು ಮೂಗು ನೋಡಿ ಶೀತ ಎಂದು ಹನಿ ಕೊಟ್ಟರು. ನೀನು ಬರೆದಿದ್ದು ನೆನಪಾಗಿ ನಾದಿನಿಗೆ ಹೇಳಿದೆ. ಅವಳು ನಕ್ಕು, "ನಿಮ್ಮಕ್ಕ ಯಾವಾಗ ಡಾಕ್ಟರ್ ಆದ್ರು? ಅಷ್ಟು ಸಣ್ಣ ಮಗು ಉಚ್ಚೆ ಹಿಡಿಯೋದು ಸುಲಭ ಅಲ್ಲ ಅತ್ತಿಗೆ, ನಾಳೆ ನೋಡೋಣ" ಎಂದಳು. ನಾನೂ ನಕ್ಕೆ. ನೀನು ಎಲ್ಲದರಲ್ಲೂ ಮೂಗು ತೂರಿಸದೆ ಇರುವುದಿಲ್ಲ ಎಂದೆ.

ಗಿಲಕಿ


ಆಗಸ್ಟ್ 14

ಅಕ್ಕ,

ನೀನು ಊರಿಗೆ ವಾಪಸು ಹೋದ ಮೇಲೆ ಮನೆ ಖಾಲಿ ಎನಿಸುತ್ತಿದೆ. ಅದು ಬೇರೆ ಮಾತು. ನೀನು ಇದ್ದಾಗ ಆಡಲಾಗದ್ದನ್ನು ಬರೆಯುತ್ತೇನೆ. ನಮಗೆ ಕಾಗದವೇ ಸರಿ.

ನನ್ನ ಜುಲೈ ಕಾಗದ ನಿನಗೆ ಸಿಕ್ಕಿದ ಬೆಳಗ್ಗೆ, ಫೋನಿನಲ್ಲಿ ನಿನ್ನ ದನಿ ಕೇಳಿ ಭಾವನಿಗೆ ಏನೋ ಆಗಿರಬೇಕು ಎಂದುಕೊಂಡೆ. "ನಂಗೂ ಕಿಡ್ನೀನೇ ಕಣೆ. ಹೊಟ್ಟೆನೋವಲ್ಲ. ಈಗ್ಲೇ ಎತ್ಕೊಂಡು ಹೋಗು" ಎಂದೆ ನೀನು. ನಾನು ಫೋನು ಹಿಡಿದುಕೊಂಡು ಕೂತೇ ಇದ್ದೆ. ಓಡಿದ್ದು ನಾದಿನಿ. ಮಗುವನ್ನು ನನ್ನ ಮಡಿಲಿನಿಂದ ಕಿತ್ತುಕೊಂಡು, ಕಾಲಿಗೆ ಚಪ್ಪಲಿ ಕೂಡ ಇಲ್ಲದೆ ರಸ್ತೆಗೆ ಓಡಿದಳು. ನೀನು ಲಾಂಡ್ರಿಯ ಏಪ್ರನ್ನಿನಲ್ಲೇ ಬಸ್ಸು ಹತ್ತಿ ಬಂದು ತಲುಪುವಷ್ಟರಲ್ಲಿ ಇಂಜೆಕ್ಷನ್ನು ಶುರುವಾಗಿತ್ತು. ಉಚ್ಚೆಯಲ್ಲಿ ಕೀವು ಇತ್ತು.

ನೀನು ಡಾಕ್ಟರ ಮುಂದೆ ಬಟ್ಟೆ ಸರಿಸಿ ಆ ಗಾಯದ ಗುರುತು ತೋರಿಸಿದೆ. ಅವರು, "ಇದು ಮೊದಲೇ ಗೊತ್ತಿದ್ರೆ ಹುಟ್ಟಿದ ದಿನದಿಂದ್ಲೇ ಔಷಧಿ ಕೊಡ್ತಿದ್ವಿ" ಎಂದರು. ಆಗ ನೀನು ನನ್ನ ಮುಖ ನೋಡಲಿಲ್ಲ. ನಾನು ನೋಡುತ್ತಲೇ ಇದ್ದೆ. ಏಪ್ರಿಲಿನಲ್ಲಿ ನಾನು ಬರೆದಿದ್ದೆ ಅಕ್ಕ. ಡಾಕ್ಟರು ಕೇಳಿದ್ದನ್ನು, ನಾನು ಇಲ್ಲ ಎಂದಿದ್ದನ್ನು, ಎಲ್ಲ ಬರೆದಿದ್ದೆ. ನೀನು ಎರಡು ಸಾಲು ಬರೆದಿದ್ದರೆ ಸಾಕಿತ್ತು. ಈಗ ಅವಳ ಎಡ ಕಿಡ್ನಿಯ ಒಂದು ಮೂಲೆ ಸತ್ತುಹೋಗಿದೆ. ಚಳಿಗಾಲದ ಹೊತ್ತಿಗೆ ಆಪರೇಷನ್ ಮಾಡಬೇಕಂತೆ, ನಿನಗೆ ಮಾಡಿದ ಹಾಗೆಯೇ.

ಇನ್ನೂ ಒಂದು. ಅವಳ ಜ್ವರ ಇಳಿದ ದಿನ ನೀನು, ನಾದಿನಿ ಹೊರಗಿನ ಬೆಂಚಿನ ಮೇಲೆ ಕೂತು ಒಂದೇ ಲೋಟದಲ್ಲಿ ಚಹಾ ಹಂಚಿಕೊಂಡು ಏನನ್ನೋ ಹೇಳಿಕೊಂಡು ನಗುತ್ತಿದ್ದಿರಿ. ನನಗೆ ಮೈಯೆಲ್ಲ ಉರಿಯಿತು. ಅವಳು ನನ್ನ ನಾದಿನಿ, ನೀನು ನನ್ನ ಅಕ್ಕ, ನಿಮ್ಮಿಬ್ಬರ ನಡುವೆ ಏನು ನಗು? ಮಗುವೂ ನಿನ್ನ ಹಾಗೆಯೇ, ಎಡಗಡೆ. ಇದರಲ್ಲಿ ನನ್ನದು ಅಂತ ಏನಿದೆ ಹೇಳು.

ನೀನು ಯಾಕೆ ಹೇಳಲಿಲ್ಲ?


ಆಗಸ್ಟ್ 19

ಗಿಲಕಿ,

ಹೊಟ್ಟೆಕಿಚ್ಚಿಗೆ. ಅಮ್ಮನ ಮಾತು ಉಳಿಸಲು ಎಂದು ಬರೆದು ಹರಿದುಹಾಕಿದೆ. ಸ್ಕ್ಯಾನಮ್ಮನ ಮೇಲಿನ ಸಿಟ್ಟಿಗೆ ಎಂದು ಬರೆದು ಅದನ್ನೂ ಹರಿದುಹಾಕಿದೆ. ಉಳಿದದ್ದು ಇಷ್ಟೇ.

ಎಲ್ಲ ಬರೆದ ಕಾಗದವೊಂದು ಏಪ್ರಿಲಿನಲ್ಲಿ ನನ್ನ ಏಪ್ರನ್ನಿನ ಜೇಬಿನಲ್ಲಿತ್ತು. ನಾಳೆ ಹಾಕುತ್ತೇನೆ, ನಾಳೆ ಹಾಕುತ್ತೇನೆ ಎಂದು ಓಡಾಡಿದೆ. ಒಂದು ದಿನ ಏಪ್ರನ್ನನ್ನು ಯಂತ್ರಕ್ಕೆ ಹಾಕಿಬಿಟ್ಟೆ. ಜೇಬು ನೋಡದೆ ಬಟ್ಟೆ ಹಾಕಬೇಡಿ ಎಂದು ಎಲ್ಲರ ಕಿವಿ ಹಿಂಡುವವಳು ನಾನು. ಮುದ್ದೆಯಾಗಿ ಹೊರಗೆ ಬಂತು. ಮತ್ತೆ ಬರೆಯಬಹುದಿತ್ತು. ಅದರ ಬದಲು ನಿನಗೆ ಬಟ್ಟೆ ಹೊಲಿದು ಕಳಿಸಿದೆ.

ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ.

ಅಕ್ಕ


ನವೆಂಬರ್ 3

ಅಕ್ಕ,

ಇಷ್ಟು ದಿನ ಬರೆಯಲಿಲ್ಲ. ಬರೆಯಲು ಕೂತರೆ ಬೈಗುಳವೇ ಬರುತ್ತಿತ್ತು. ಈಗಲೂ ಪೂರ್ತಿ ಆರಿಲ್ಲ, ಆದರೆ ಕೆಲಸವಿದೆ.

ಆಪರೇಷನ್ ಹದಿನಾಲ್ಕಕ್ಕೆ. ದೊಡ್ಡ ಆಸ್ಪತ್ರೆಯ ಹೊಸ ಡಾಕ್ಟರು ಅದೇ ಪ್ರಶ್ನೆ ಕೇಳಿದರು, ಮನೆಯಲ್ಲಿ ಯಾರಿಗಾದರೂ ಇತ್ತೇ ಎಂದು. ನಾದಿನಿ ಬಾಯಿ ತೆರೆದಳು. ನಾನು ಅವಳ ಕೈ ಹಿಡಿದು, "ನಮ್ಮಕ್ಕನಿಗೆ" ಎಂದೆ. ನಾನೇ ಹೇಳಬೇಕಿತ್ತು ಅದನ್ನು.

ವಾರ್ಡಿಗೆ ಪಾಸು ಒಬ್ಬರಿಗೇ. ನಾದಿನಿಗೆ ಅಲ್ಲಿ ನೌಕರಿ ಇಲ್ಲ, ಅಲ್ಲಿಯ ಬೋರ್ಡು ಅವಳಿಗೂ ಅನ್ವಯ. ಆಗಲೇ ಮುಖ ದಪ್ಪಗೆ ಮಾಡಿಕೊಂಡಿದ್ದಾಳೆ. "ನಾನು ನರ್ಸು, ಒಳಗೆ ಇರ್ಬೇಕಾದೋಳು ನಾನು" ಎನ್ನುತ್ತಾಳೆ. ಇವರು, "ಅಪ್ಪ ಅಂತ ನಾನೊಬ್ಬ ಇದೀನಿ" ಎಂದು ನೆನಪಿಸುತ್ತಿರುತ್ತಾರೆ. ನೀನೂ ಮನಸ್ಸಿನಲ್ಲೇ ಕೇಳುತ್ತಿರುತ್ತೀಯ, ನನಗೆ ಗೊತ್ತು. ಆ ಗಾಯ ನೋಡಿಕೊಳ್ಳುವುದು ಹೇಗೆಂದು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು.

ಪಾಸು ಯಾರಿಗೂ ಕೊಡುವುದಿಲ್ಲ. ಈ ಸಲ ಒಳಗಿರುವವಳು ನಾನು. ನೀನು ಬಂದು ಹೊರಗಿನ ಬೆಂಚಿನ ಮೇಲೆ ಕೂರು, ನಾನು ಕೂತ ಹಾಗೆ.

ಬಾ ಅಕ್ಕ.

ಗಿಲಕಿ


ನವೆಂಬರ್ 7

ಗಿಲಕಿ,

ಹದಿಮೂರಕ್ಕೆ ಬರುತ್ತೇನೆ. ಈ ಸಲ ಮ್ಯಾನೇಜರು ಏನೂ ಕೇಳಲಿಲ್ಲ. ನಿನ್ನ ಭಾವನಿಗೂ ಎಲ್ಲ ಹೇಳಿದೆ. "ಆ ಗುರುತಿನ ಬಗ್ಗೆ ನಾನ್ಯಾವತ್ತಾದ್ರೂ ಕೇಳಿದ್ನಾ?" ಎಂದರು. ಆಮೇಲೆ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಅಮ್ಮನ ಹೊದಿಕೆ ತರುತ್ತಿದ್ದೇನೆ. ಆಸ್ಪತ್ರೆಯಲ್ಲಿ ಚಳಿ ಇರುತ್ತದೆ, ಮಗುವಿಗೆ ಹೊದಿಸು, ವಾಪಸು ಕೊಡಬೇಡ.

ಪಾಸು ನಿನ್ನದೇ. ಯಾರಿಗೂ ಕೊಡಬೇಡ.

ಆ ಕಿಟಕಿಯ ಬಗ್ಗೆ ಬರೆದಿದ್ದೆಯಲ್ಲ, ಅಮ್ಮ ಒಂದು ಸಲ ಕೈ ಆಡಿಸಿ ನನ್ನ ಹತ್ತಿರ ಓಡುತ್ತಿದ್ದಳು ಎಂದು. ಅವಳು ಓಡಿ ಬರುತ್ತಿರಲಿಲ್ಲ ಕಣೆ. ಅಜ್ಜಿ ನಿನ್ನನ್ನು ಎಳೆದುಕೊಂಡು ಹೊರಡುತ್ತಿದ್ದಳಲ್ಲ, ಆಮೇಲೂ ಅಮ್ಮ ಅಲ್ಲೇ ನಿಂತಿರುತ್ತಿದ್ದಳು. ಬೀದಿ ದೀಪ ಹೊತ್ತಿದರೂ ಅಲ್ಲೇ. ನಾನು, "ಅಮ್ಮಾ, ನೀರು" ಎಂದು ಕರೆದರೆ ಕೇಳಿಸುತ್ತಿರಲಿಲ್ಲ. ಅಷ್ಟು ದಿನ ನಾನು ಹಾಸಿಗೆಯಿಂದ ನೋಡಿದ್ದು ಅವಳ ಬೆನ್ನನ್ನೇ. ಮುಖ ನಿನ್ನ ಕಡೆಗಿತ್ತು. ನಿನಗೆ ಅವಳ ಮುಖ ಸಿಕ್ಕಿತು ಎಂದು ನಾನು, ನನಗೆ ಅವಳು ಸಿಕ್ಕಳು ಎಂದು ನೀನು, ಇಷ್ಟು ವರ್ಷ ಉರಿದುಕೊಂಡೆವು.

ನಾನು, ಸ್ಕ್ಯಾನಮ್ಮ, ನಿನ್ನ ಗಂಡ ಮೂವರೂ ಕೆಳಗೆ ಬೆಂಚಿನ ಮೇಲೆಯೇ ಇರುತ್ತೇವೆ, ಎಲ್ಲಿಗೂ ಹೋಗುವುದಿಲ್ಲ. ಅದಕ್ಕೇ ಹೇಳುತ್ತಿದ್ದೇನೆ, ನೀನು ಕಿಟಕಿಗೆ ಬರಬೇಡ. ಮಗುವಿಗೆ ಎಚ್ಚರವಾದಾಗ ನಿನ್ನ ಮುಖ ಅವಳ ಕಡೆಗೇ ಇರಲಿ.

ಅಕ್ಕ